ದೃಷ್ಟಿ ತೆಗೆಯಲು ಕರೆದ ಶಾಲೆ

ದೊಡ್ಡಬಳ್ಳಾಪುರದಲ್ಲಿ ಹೊಸ ಮಗ್ಗ ಹಾಕಿದರೆ ನನ್ನಂಥ ಮಂಗಳಮುಖಿಯನ್ನು ಕರೆದು ದೃಷ್ಟಿ ತೆಗೆಸುವವರು ಇನ್ನೂ ಇದ್ದಾರೆ. ಅಂಗಡಿ ತೆರೆದರೂ ಅಷ್ಟೆ. ಬೂದುಗುಂಬಳ ಒಡೆದು, ಒಳ್ಳೆಯದಾಗಲಿ ಎಂದು ಬಾಯಿತುಂಬ ಹೇಳಬೇಕು. ಆಮೇಲೆ ಹೊಸ್ತಿಲಿನಿಂದಲೇ ಸಾಗಹಾಕುತ್ತಾರೆ. ನಾನು ನೇಕಾರರ ಮನೆಯಲ್ಲೇ ಹುಟ್ಟಿದವಳು. ಈ ಮರ್ಯಾದೆ ಎಷ್ಟು ಉದ್ದ, ಎಷ್ಟು ಅಗಲ ಎಂದು ನನಗೆ ಚೆನ್ನಾಗಿ ಗೊತ್ತು.

ನಮ್ಮ ಬೀದಿಯಲ್ಲಿ ಮಗ್ಗದ ಕೆಲಸಕ್ಕೆ ಹೋಗುವ ಒಬ್ಬಳಿದ್ದಾಳೆ. ಅವಳಿಗೆ ಹುಟ್ಟಿದ ಮಗುವನ್ನು ಗಂಡು ಎಂದೇ ಶಾಲೆಗೆ ಸೇರಿಸಿದ್ದರು. ಒಂಬತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಆ ಮಗು ತಾನು ಹುಡುಗಿ ಎಂದು ಬಾಯಿಬಿಟ್ಟು ಹೇಳಿತು, ಕೂದಲು ಬಿಟ್ಟಿತು. ಕತ್ತರಿಸಿಕೊಳ್ಳುವ ತನಕ ಈ ಕಡೆ ತಲೆ ಹಾಕಬೇಡ ಎಂದು ಹೆಡ್‌ಮಾಸ್ಟರು ಅವಳನ್ನು ಮನೆಗೆ ಅಟ್ಟಿದರು.

ನಾನೂ ಅದೇ ವಯಸ್ಸಿನಲ್ಲಿ ಶಾಲೆ ಬಿಟ್ಟವಳು. ಯಾವ ಶೌಚಾಲಯಕ್ಕೂ ಹೋಗಲಾರದೆ ಮೊದಲು ನೀರು ಕುಡಿಯುವುದನ್ನು ಬಿಟ್ಟೆ, ಕೊನೆಗೆ ಶಾಲೆಯನ್ನೇ ಬಿಟ್ಟೆ. ಈ ಹುಡುಗಿಗೂ ಅದೇ ಗತಿ ಬರಬಾರದೆಂದು ಅವಳ ತಾಯಿಯ ಜತೆ ಹೋದೆ. ಹೆಡ್‌ಮಾಸ್ಟರು ನನ್ನನ್ನು ಗೇಟಿನಾಚೆಯೇ ನಿಲ್ಲಿಸಿದರು.

"ಇಲ್ಲಿ ಮಕ್ಕಳಿರ್ತಾರೆ ಕಣಮ್ಮ. ನಿನ್ನನ್ನ ಒಳಗೆ ಬಿಟ್ರೆ ತಂದೆತಾಯಿಗಳು ಸುಮ್ನಿರ್ತಾರಾ?"

ನಾನೂ ಒಂದು ಕಾಲಕ್ಕೆ ಮಗುವಾಗಿದ್ದೆ ಎಂಬುದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ. ನಮ್ಮಂಥವರನ್ನು ಶಾಲೆಯಿಂದ ಹೊರಗಿಡುವಂತಿಲ್ಲ ಎಂದು ಕಾನೂನಿನ ಮಾತೆತ್ತಿದೆ. ಸೋಪಿನ ಪುಡಿ ಮಾರಲು ಬಂದವಳಿಗೆ ಹೇಳುವ ಹಾಗೆ, ಆಮೇಲೆ ನೋಡೋಣ ಎಂದರು.

ಕೆಲವೇ ದಿನಗಳಲ್ಲಿ ಅದೇ ಶಾಲೆಯಿಂದ ನನಗೆ ಕರೆ ಬಂತು. ಅಲ್ಲಿ ಹೊಸ ಕೊಠಡಿ ಕಟ್ಟುವಾಗ ಗಾರೆಯವನೊಬ್ಬ ಬಿದ್ದು ಕಾಲು ಮುರಿದುಕೊಂಡಿದ್ದ. ದೃಷ್ಟಿ ತೆಗೆಸದೆ ಮಕ್ಕಳನ್ನು ಒಳಗೆ ಕೂರಿಸಲು ಎಲ್ಲರಿಗೂ ಭಯ. ಈ ಸಲ ಹೆಡ್‌ಮಾಸ್ಟರೇ ಗೇಟಿನ ತನಕ ನಡೆದು ಬಂದರು.

"ಬನ್ನಿ ಅಮ್ಮ, ನಿಮ್ಮ ಬಾಯಿಂದ ಒಂದು ಒಳ್ಳೆ ಮಾತು ಬಂದ್ರೆ ಸಾಕು."

ಸಿಟ್ಟು ನೆತ್ತಿಗೇರಿತು. ಕುಂಬಳಕಾಯಿಯನ್ನು ಕೆಳಗಿಟ್ಟೆ.

"ಮೊದ್ಲು ಆ ಹುಡುಗೀನ ಕ್ಲಾಸಲ್ಲಿ ಕೂರ್ಸಿ ಸಾರ್. ಅವಳ ಕೂದ್ಲು ಮುಟ್ಟಕೂಡ್ದು. ಹೆಣ್ಮಕ್ಕಳ ಟಾಯ್ಲೆಟ್ಟಿಗೆ ಬಿಡ್ಬೇಕು. ಇಲ್ದಿದ್ರೆ ನನ್ನ ಬಾಯಿಂದ ಏನು ಬರುತ್ತೋ ನನಗೇ ಗೊತ್ತಿಲ್ಲ."

ಅವರ ಮುಖ ಬಿಳಿಚಿಕೊಂಡಿತು. ಕಾನೂನಿಗೆ ಬಗ್ಗದ ಕತ್ತು ಶಾಪಕ್ಕೆ ಬಗ್ಗಿತು. ಮಾರನೆಯ ದಿನ ಹುಡುಗಿ ಜಡೆ ಹಾಕಿಕೊಂಡು ಶಾಲೆಗೆ ಹೋದಳು. ಅವಳು ಕ್ಲಾಸಿನಲ್ಲಿ ಕೂತದ್ದನ್ನು ಕಿಟಕಿಯಿಂದ ನೋಡಿದ ಮೇಲೆಯೇ ನಾನು ಕುಂಬಳಕಾಯಿ ಒಡೆದದ್ದು. ಗೆದ್ದೆವು ಎಂದು ಅವಳ ತಾಯಿ ಅತ್ತಳು. ನಾನೂ ಹಾಗೆಯೇ ಅಂದುಕೊಂಡೆ.

ಈಗ ಅವಳು ಹತ್ತನೇ ಕ್ಲಾಸು. ಹಾಲ್ ಟಿಕೆಟ್ ಕೊಟ್ಟ ದಿನ ಸಂಜೆ ನಮ್ಮ ಮನೆಗೆ ಬಂದು, ಬ್ಯಾಗನ್ನೂ ಇಳಿಸದೆ ಕೂತಳು. ಏನಾಯಿತೆಂದು ಕೇಳಿದೆ.

"ಎಲ್ರೂ ಹಾಲ್ ಟಿಕೆಟ್ ತಂದು ನನ್ನ ಕೈಲಿ ಮುಟ್ಟಿಸ್ಕೊಂಡು ಹೋದ್ರು ದೊಡ್ಡಮ್ಮ. ಪಾಸಾಗ್ಲಿ ಅಂತ ನನ್ನ ಬಾಯಲ್ಲಿ ಹೇಳಿಸ್ಕೊಂಡ್ರು. ಹೆಡ್‌ಮಾಸ್ಟ್ರು ತಮ್ಮ ಮಗಳದ್ದೂ ತಂದಿದ್ರು."

"ನಿಂಗೆ ಪಾಸಾಗು ಅಂತ ಯಾರು ಹೇಳಿದ್ರೇ?"

"ನಂಗ್ಯಾರು ಹೇಳ್ತಾರೆ? ನನ್ನ ಬೆಂಚಲ್ಲಿ ನಾನೊಬ್ಳೇ ಅಲ್ವಾ."