ಮಾಯಮ್ಮನ ಹಿತ್ತಲಿಗೆ ಬಂದ ಉಡುಗೊರೆ

ದೊಡ್ಡಮಳೂರಿನ ಬೀರಯ್ಯನ ಮನೆಯಲ್ಲಿ ರೇಷ್ಮೆಹುಳುವಿಗೆ ಒಪ್ಪಿಸದೆ ಉಳಿದಿದ್ದ ನೆಲವೆಂದರೆ ಹಿತ್ತಲೊಂದೇ. ಗೂಡಿನ ಬೆಲೆ ಏರುತ್ತಿದ್ದ ಆ ವರ್ಷಗಳಲ್ಲಿ ರಾಗಿಯ ಹೊಲ ಹಿಪ್ಪುನೇರಳೆ ತೋಟವಾಯಿತು, ಕುರಿದೊಡ್ಡಿ ಸೊಪ್ಪಿನ ಕೋಣೆಯಾಯಿತು. ನಡುಮನೆಯನ್ನು ಹುಳುವಿನ ತಟ್ಟೆಗಳಿಗೆ ಬಿಟ್ಟುಕೊಟ್ಟು ಮನೆಮಂದಿ ಜಗಲಿಯಲ್ಲಿ ಮಲಗತೊಡಗಿದರು. ಹಿತ್ತಲು ಮಾತ್ರ ಬೀರಯ್ಯನ ಹೆಂಡತಿ ಮಾಯಮ್ಮನದು. ಅವರೆಯ ಚಪ್ಪರ, ಬದನೆ, ಕನಕಾಂಬರ, ಬೇಲಿಯುದ್ದಕ್ಕೂ ಸೇವಂತಿಗೆ. ಮದುವೆಯಾಗಿ ಬಂದಂದಿನಿಂದ ಆ ಮನೆಯಲ್ಲಿ ಯಾರನ್ನೂ ಕೇಳದೆ ಅವಳು ಕೈಯಿಡಬಹುದಾದ ಜಾಗ ಅದೊಂದೇ ಆಗಿತ್ತು.

ಇದನ್ನು ಅರಿತಿದ್ದವನು ಅವಳ ಅಣ್ಣ ಮಂಚಯ್ಯ. ಗೌರಿ ಹಬ್ಬಕ್ಕೆ ಉಳಿದ ಅಣ್ಣಂದಿರು ತಂಗಿಯರಿಗೆ ಬಳೆ, ಕುಪ್ಪಸದ ಕಣ ತಂದರೆ ಇವನು ಅವುಗಳ ಜೊತೆಗೆ ಹಿತ್ತಲಿಗೊಂದು ಉಡುಗೊರೆಯನ್ನೂ ತರುತ್ತಿದ್ದ. ಒಂದು ವರ್ಷ ಕೈಗುದ್ದಲಿ, ಇನ್ನೊಂದು ವರ್ಷ ಕಸಿ ನಿಂಬೆ.

“ನಿನ್ನ ಹೆಂಡ್ತಿಗೆ ಸೀರೆಗಿಂತ ಸಗಣಿ ಗೊಬ್ಬರ ಕೊಟ್ರೇ ಖುಷಿ ಕಣ್ ಬಾವ,” ಎಂದು ಬೀರಯ್ಯನನ್ನು ಕೆಣಕುತ್ತಿದ್ದ.

“ಇನ್ನೇನು, ಮುಂದ್ಲ ಸಲ ಒಂದು ಗಾಡಿ ಹೊಡ್ಕೊಂಡ್ ಬಾ, ನಿನ್ ತಂಗಿ ಕುಣೀತಾಳೆ!” ಎಂದು ಬೀರಯ್ಯ ನಗುತ್ತಿದ್ದ. ಮಾಯಮ್ಮ ಮುನಿದಂತೆ ನಟಿಸಿ ಒಳಗೆ ಹೋಗುತ್ತಿದ್ದಳು. ತವರಿನಲ್ಲಿ ತನ್ನ ಮನಸ್ಸು ಬಲ್ಲವನೊಬ್ಬನಿದ್ದಾನೆ ಎಂಬ ಹೆಮ್ಮೆಯನ್ನು ಅವಳು ಮೈಮೇಲಿನ ಒಡವೆಯಂತೆ ಜೋಪಾನ ಮಾಡಿದ್ದಳು.

ಆ ವರ್ಷದ ಗೌರಿಗೆ ಮಂಚಯ್ಯ ತಂದದ್ದು ಔಷಧಿ ಹೊಡೆಯುವ ಪಂಪು, ಜೊತೆಗೊಂದು ಔಷಧಿಯ ಡಬ್ಬ.

“ಅವರೆಗೆ ಹೇನು ಬಿದ್ದೈತೆ ಅಂದಿದ್ಯಲ್ಲವ್ವ, ಒಸಿ ಹೊಡಿ, ಎಲ್ಲಾ ಉದುರೋಯ್ತವೆ.”

ಡಬ್ಬ ಅರ್ಧ ಖಾಲಿಯಾಗಿತ್ತು. ಪಂಪಿನ ಪಟ್ಟಿಯಲ್ಲಿ ಒಣಗಿದ ಹಿಪ್ಪುನೇರಳೆಯ ಎಲೆಯ ಚೂರೊಂದು ಸಿಕ್ಕಿಕೊಂಡಿತ್ತು. ಅಣ್ಣ ತಾನು ಬಳಸುತ್ತಿದ್ದ ಪಂಪನ್ನೇ ಕೊಟ್ಟುಬಿಟ್ಟನಲ್ಲ ಎಂದು ಮಾಯಮ್ಮ ಇನ್ನಷ್ಟು ಹಿಗ್ಗಿದಳು. ಆದರೆ ಮನೆಯಲ್ಲಿ ಹುಳುಗಳು ನಾಲ್ಕನೆಯ ಜ್ವರದಿಂದ, ಎಂದರೆ ಕಡೆಯ ಪೊರೆ ಕಳಚಿ, ಎದ್ದಿದ್ದವು. ಔಷಧಿಯ ಗಾಳಿ ತಾಗಿದರೂ ಅವು ಸಾಯುತ್ತವೆಂಬುದನ್ನು ಬಲ್ಲ ಅವಳು ಪಂಪನ್ನೂ ಡಬ್ಬವನ್ನೂ ಗೋಣಿಯಲ್ಲಿ ಸುತ್ತಿ ಹಿತ್ತಲಿನ ಮೂಲೆಯಲ್ಲಿ ಕಟ್ಟಿಟ್ಟಳು. ಗೂಡು ಮಾರಿದ ಮೇಲೆ ಹೊಡೆದರಾಯಿತು.

ಜ್ವರದಿಂದೆದ್ದ ಹುಳುವಿನ ಹಸಿವಿಗೆ ಮಿತಿಯಿಲ್ಲ. ಬೀರಯ್ಯನ ತೋಟದ ಸೊಪ್ಪು ಮುಗಿಯಿತು. ಸೊಪ್ಪಿಗಾಗಿ ಊರೂರು ಅಲೆಯುವ ಕಾಲ ಅದು. ಅವನು ಮಂಚಯ್ಯನ ಹಿಪ್ಪುನೇರಳೆ ತೋಟಕ್ಕೆ ಹೋಗಿ ಗಾಡಿ ತುಂಬ ಸೊಪ್ಪು ಕೊಂಡು ತಂದ. ಆ ಸೊಪ್ಪು ಬಡಿಸಿದ ಮೇಲೆ ಹುಳುಗಳು ತಲೆ ಎತ್ತಿ ಆಡಿಸತೊಡಗಿದವು. ಹಸಿರು ನೀರು ಕಕ್ಕಿ ಮುದುಡಿಕೊಂಡವು. ಮಾರನೆಯ ದಿನ ತಟ್ಟೆ ತಟ್ಟೆಯನ್ನೇ ತಿಪ್ಪೆಗೆ ಸುರಿದರು.

ಅತ್ತೆ ದಾಸಮ್ಮ ಕಾರಣ ಹುಡುಕುತ್ತಾ ಹೋಗಿ ಹಿತ್ತಲಿನಿಂದ ಗೋಣಿಯ ಗಂಟನ್ನು ಎಳೆದು ತಂದಳು. ಸುದ್ದಿ ಕೇಳಿ ಬಂದ ಮಂಚಯ್ಯ ಜಗಲಿಯಲ್ಲಿ ಕುಳಿತಿದ್ದ. ದಾಸಮ್ಮ ಗಂಟು ಬಿಚ್ಚಿ ಅವನ ಮುಂದಿಟ್ಟಳು.

“ನೋಡಪ್ಪ ನಿನ್ ತಂಗಿ ಕೆಲ್ಸವ! ನಾಲ್ಕು ಬದನೆಕಾಯಿ ಆಸೆಗೆ ಮನೆ ಲಕ್ಷ್ಮಿಗೇ ವಿಷ ಇಕ್ಬುಟ್ಲು.”

“ನಾನ್ ಮುಟ್ಟೇ ಇಲ್ಲ ಅತ್ತೆ.”

“ಮುಟ್ದೆ ಅರ್ಧ ಡಬ್ಬ ಎಲ್ಲೋಯ್ತು? ಹೇನು ಕುಡುದ್ವಾ?”

ಮಾಯಮ್ಮ ಅಣ್ಣನ ಕಡೆ ನೋಡಿದಳು. ‘ನಾನು ಕೊಟ್ಟಾಗಲೇ ಅರ್ಧವಿತ್ತು’ ಎಂಬ ಒಂದು ಮಾತು ಅವನ ಬಾಯಿಂದ ಬಂದರೆ ಸಾಕಿತ್ತು. ಮಂಚಯ್ಯ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡ.

“ಹುಳ ಇರೋವಾಗ ಹೊಡೀಬ್ಯಾಡ ಅಂತ ಹೇಳಿದ್ದೆ ಕಣಮ್ಮ. ಏನೋ, ಹೆಣ್ಣೆಂಗ್ಸು, ಮರ್ತವ್ಳೆ. ಬುಟ್ಬುಡಿ.”

ಅವಳಿಗೆ ಎಲ್ಲವೂ ತಿಳಿದದ್ದು ಆ ಕ್ಷಣದಲ್ಲಿ. ಪಟ್ಟಿಗೆ ಸಿಕ್ಕಿದ್ದ ಎಲೆ ಯಾವ ತೋಟದ್ದು, ಡಬ್ಬದ ಅರ್ಧ ಎಲ್ಲಿಗೆ ಹೋಯಿತು, ಬೀರಯ್ಯ ಯಾವ ಸೊಪ್ಪನ್ನು ಗಾಡಿಯಲ್ಲಿ ತಂದ.

“ನಿನ್ ತೋಟುಕ್ಕೆ ಹೊಡ್ದು ಆ ಸೊಪ್ಪನ್ನೇ ನಮಗೆ ಮಾರ್ದೆಯಾ ಅಣ್ಣ?”

“ಏನ್ ಮಾತಾಡ್ತಿದೀಯೆ ಮಾಯಿ? ತಂಗಿ ಅಂತ ಪ್ರೀತಿಗೆ ತಂದ್ಕೊಟ್ರೆ ನನ್ ಮ್ಯಾಲೇ ಹೊರುಸ್ತೀಯಾ?” ಅವನ ದನಿ ಏರಿತು, ಕಣ್ಣು ಮಾತ್ರ ಅವಳ ಮುಖಕ್ಕೆ ಏರಲಿಲ್ಲ.

“ಮಾಡಿದ್ದೂ ಅಲ್ದೆ ತವರಿನ ಮರ್ವಾದೆನೂ ಕಳೀತಿದೀಯೇನೇ?” ಎಂದು ದಾಸಮ್ಮ ಗದರಿದಳು. ಬೀರಯ್ಯ ನೆಲ ನೋಡುತ್ತಿದ್ದ. ಮುಂದಿನ ಬೆಳೆಗೂ ಸೊಪ್ಪು ಬೇಕಾಗಿತ್ತು. ಮಂಚಯ್ಯನೊಡನೆ ಹಗೆ ಕಟ್ಟಿಕೊಳ್ಳಲು ಅವನು ಸಿದ್ಧನಿರಲಿಲ್ಲ.

ಮಾರನೆಯ ದಿನ ಹಿತ್ತಲನ್ನು ಅಗೆದರು. ಚಪ್ಪರವನ್ನು ಕೆಡವಿ, ನಿಂಬೆಯನ್ನು ಬುಡಸಹಿತ ಕಿತ್ತು, ಆ ಜಾಗದಲ್ಲಿ ಹಿಪ್ಪುನೇರಳೆಯ ಕಡ್ಡಿ ನೆಟ್ಟರು. ಮಾಯಮ್ಮ ಬೇಡಲಿಲ್ಲ, ಅಳಲೂ ಇಲ್ಲ. ಬೇಡಿ ಉಳಿಸಿಕೊಂಡರೆ ಮಾಡದ ತಪ್ಪನ್ನು ಒಪ್ಪಿಕೊಂಡಂತೆ ಎಂದು ಅವಳು ಬಗೆದಳು.

ಮುಂದಿನ ಗೌರಿಗೆ ಮಂಚಯ್ಯ ಬಳೆ, ಕಣ, ಗುಲಾಬಿ ಗಿಡವೊಂದನ್ನು ಹಿಡಿದು ಬಂದ. ಏನೂ ನಡೆದಿಲ್ಲವೆಂಬಂತೆ ಹೊಸಿಲಿಗೆ ಕಾಲಿಟ್ಟ. ಮಾಯಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಯಾಕ್ ಮಾಯಿ, ಹಬ್ಬುಕ್ಕೆ ಕರಿಯಕ್ಕೆ ಬಂದಿವ್ನಿ.”

“ಒಳಗೆ ಹುಳ ಅವೆ,” ಎಂದಳು ಅವಳು. “ಹೊರಗ್ಲೋರು ಬರಂಗಿಲ್ಲ.”

ಹುಳು ಸಾಕುವ ಮನೆಗಳಲ್ಲಿ ಪರರಿಗೆ ಹೇಳುವ ಮಾತು ಅದು. ಒಡಹುಟ್ಟಿದವನಿಗೆ ಯಾರೂ ಹೇಳಿದ್ದಿಲ್ಲ. ಅವಳು ಒಂದು ಚೊಂಬು ನೀರು ತಂದು ಜಗಲಿಯ ಅಂಚಿನಲ್ಲಿಟ್ಟು, ಸೊಪ್ಪು ಹೆಚ್ಚಲು ಒಳಗೆ ಹೋದಳು.