ಬೈಯುವ ಹಾಡಿಗೆ ಕುಣಿದವರು

ಕೈಕೊಟ್ಟವನನ್ನು ನೆನೆದು ಅಳಲೇಬೇಕು ಅಂತ ಯಾರು ಕಾನೂನು ಮಾಡಿದರೋ ಗೊತ್ತಿಲ್ಲ. ನನಗಂತೂ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ನಾನು ಚನ್ನಗಿರಿಯವಳು, ಮದುವೆ ರಿಸೆಪ್ಷನ್‌ಗಳಲ್ಲಿ ಹಾಡುತ್ತಿದ್ದವಳು. ಅವನು ಹೊನ್ನಾಳಿಯವನು, ನಮ್ಮ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ವರ್ಷಗಟ್ಟಲೆ ಒಂದೇ ಟೆಂಪೋದಲ್ಲಿ ಊರೂರು ತಿರುಗಿದೆವು. ನಾನು ಬರೆದ ಸಾಲಿಗೆ ಅವನು ಮಟ್ಟು ಹಾಕುತ್ತಿದ್ದ. ಮದುವೆಯ ಮಾತನ್ನೂ ಮೊದಲು ಎತ್ತಿದವನು ಅವನೇ. ಒಂದು ಮಧ್ಯಾಹ್ನ ನ್ಯಾಮತಿಯ ಕಲ್ಯಾಣ ಮಂಟಪದಲ್ಲಿ ಮೈಕ್ ಟೆಸ್ಟ್ ನಡೆಯುತ್ತಿದ್ದಾಗ, ವೈರು ಸುತ್ತುತ್ತಲೇ ಹೇಳಿದ: "ನಮ್ಮವ್ವ ಒಪ್ತಿಲ್ಲ. ಸ್ಟೇಜ್ ಮ್ಯಾಲೆ ಹಾಡೋ ಸೊಸೆ ಬ್ಯಾಡ ಅಂತಾಳೆ. ಬೇರೆ ಕಡೆ ಹುಡುಗಿ ನೋಡ್ಯಾರೆ."

ಸ್ಟೇಜ್ ಮೇಲೆ ಹಾಡುವವಳು ಸೊಸೆಯಾಗಬಾರದಂತೆ. ಅದೇ ಸ್ಟೇಜ್ ಮೇಲೆ ಅವಳ ಪಕ್ಕ ನಿಂತು ಕೀಬೋರ್ಡ್ ನುಡಿಸುವವನು ಮಾತ್ರ ಮದುಮಗನಾಗಬಹುದಂತೆ. ಆವತ್ತು ಸಂಜೆ ಅವನ ಜೊತೆಗೇ ನಿಂತು ಪ್ರೇಮಗೀತೆ ಹಾಡಿದೆ, ಹಲ್ಲು ಕಚ್ಚಿಕೊಂಡು. ಮದುಮಕ್ಕಳು ಚಪ್ಪಾಳೆ ತಟ್ಟಿದರು.

ಮಾರನೆಯ ದಿನವೇ ಆರ್ಕೆಸ್ಟ್ರಾ ಬಿಟ್ಟೆ. ನನ್ನದೇ ಆಲ್ಬಮ್ ಮಾಡುತ್ತೇನೆ ಅಂದಾಗ ಗೆಳತಿಯರೆಲ್ಲ, "ಫೀಲಿಂಗ್ ಸಾಂಗ್ ಮಾಡೇ, ಚೆನ್ನಾಗಿ ಓಡ್ತೈತೆ" ಅಂದರು. ಒಂದು ಕೊಳಲು, ಒಂದಿಷ್ಟು ಮಳೆ ಸದ್ದು, ನಡುವೆ ಒಂದು ಬಿಕ್ಕಳಿಕೆ. ಕೇಳಿಯೇ ರೇಗಿ ಹೋಯಿತು. ಲ್ಯಾಪ್‌ಟಾಪ್ ಹೊತ್ತು ಜಗಳೂರಿನ ಸೋದರತ್ತೆಯ ಮನೆಗೆ ಹೋದೆ.

ಬೀಗರ ಹಾಡು ಹೇಳುವುದರಲ್ಲಿ ಅತ್ತೆಯನ್ನು ಮೀರಿಸುವವರಿಲ್ಲ. ಮದುವೆಯಲ್ಲಿ ಗಂಡಿನ ಕಡೆಯವರನ್ನು ಊಟಕ್ಕೆ ಕೂರಿಸಿ, ಹೆಣ್ಣಿನ ಕಡೆಯ ಹೆಂಗಸರು ಎದುರಿಗೇ ನಿಂತು ಬೈಯುವ ಹಾಡು ಅದು. ಬೀಗನ ಹೊಟ್ಟೆ, ಬೀಗಿತ್ತಿಯ ಮೂಗು, ಮದುಮಗನ ಮೋರೆ, ಯಾವುದನ್ನೂ ಬಿಡುವುದಿಲ್ಲ.

"ಅಳೋ ಹಾಡು ಯಾಕವ್ವ? ಬೈಯೋ ಹಾಡು ಮಾಡು," ಅಂದಳು ಅತ್ತೆ.

ಅವಳ ಮಟ್ಟು ಇಟ್ಟುಕೊಂಡು ಬೈಗುಳ ನನ್ನದೇ ಬರೆದೆ. ಅವ್ವನ ಸೆರಗು ಹಿಡಿದು ಮಂಟಪಕ್ಕೆ ಬಂದ ಮದುಮಗ, ತಾಳಿ ಕಟ್ಟಲೂ ಅವ್ವನ ಮುಖ ನೋಡುವ ಮದುಮಗ. ಚನ್ನಗಿರಿಗೆ ಬಂದು, ಮನೆ ಹಿಂದಿನ ಹಿಟ್ಟಿನ ಗಿರಣಿಯ ಬೆಲ್ಟಿನ ಸದ್ದನ್ನು ಫೋನಿನಲ್ಲಿ ಹಿಡಿದು, ಕತ್ತರಿಸಿ ಬೀಟ್ ಮಾಡಿದೆ. ಅದರ ಕೆಳಗೆ ಎದೆ ಗುದ್ದುವ ಹಾಗೆ ಎಲೆಕ್ಟ್ರಾನಿಕ್ ಬೇಸ್ ಹಾಕಿದೆ. ಹೊರಗಿನ ಸದ್ದು ಬರದಿರಲೆಂದು ಕಿಟಕಿಗೆ ಕೌದಿ ಕಟ್ಟಿ, ಸೆಖೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಹಾಡಿದೆ. ನನಗೆ ಬೇಕಿದ್ದದ್ದು ಒಂದೇ: ಅವನು ಕೇಳಬೇಕು, ಕೇಳಿದಾಗ ಅವನಿಗೆ ನೋಯಬೇಕು.

ಆಲ್ಬಮ್ ಮುಗಿಯುವ ಮೊದಲೇ ಆ ಒಂದು ಹಾಡನ್ನು ನೆಟ್ಟಿಗೆ ಬಿಟ್ಟೆ. ಡಿಜೆಗಳು ಎತ್ತಿಕೊಂಡೇಬಿಟ್ಟರು. ತ್ಯಾವಣಿಗೆಯ ಮದುವೆಯಲ್ಲಿ, ನಲ್ಲೂರಿನ ಮೆರವಣಿಗೆಯಲ್ಲಿ ಅದೇ ಹಾಡಂತೆ. ಹೆಣ್ಣಿನ ಕಡೆಯವರು ಕುಣಿದರೆ ಗಂಡಿನ ಕಡೆಯವರು ಇನ್ನೂ ಜೋರಾಗಿ ಕುಣಿಯುತ್ತಿದ್ದರಂತೆ. ನಾನು ಉಬ್ಬಿಹೋದೆ.

ಆಮೇಲೆ ನಮ್ಮ ಆರ್ಕೆಸ್ಟ್ರಾದ ಡ್ರಮ್ಮರ್ ಒಂದು ವಿಡಿಯೋ ಕಳಿಸಿದ. ನನಗೆ ಕೈಕೊಟ್ಟವನ ಮದುವೆಯದು. ಹೊನ್ನಾಳಿಯ ಛತ್ರದ ಮುಂದೆ ನನ್ನ ಹಾಡು, ನನ್ನ ದನಿ. ಬಾಸಿಂಗ ಕಟ್ಟಿಕೊಂಡೇ ಅವನು ಕುಣಿಯುತ್ತಿದ್ದ, ಪಕ್ಕದಲ್ಲಿ ಅವನ ಅವ್ವ. ಸೆರಗಿನ ಸಾಲು ಬಂದಾಗ ಅವ್ವನ ಸೆರಗಿನ ಚುಂಗು ಎಳೆದು ತನ್ನ ತಲೆಯ ಮೇಲೆ ಹೊದ್ದುಕೊಂಡ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವ್ವನೂ ನಕ್ಕಳು.

ಅವನಿಗೇ ಫೋನ್ ಮಾಡಿದೆ. "ಅದು ನಿನಗೇ ಬರೆದದ್ದು," ಅಂದೆ.

"ಗೊತ್ತು, ಅದಕ್ಕೇ ಕುಣಿದೆ. ಬೀಗರ ಹಾಡಿಗೆ ಬ್ಯಾಸರ ಮಾಡ್ಕಳಾಕೆ ಆಗ್ತೈತೇನು? ಚೆನ್ನಾಗಿ ಮಾಡೀಯ ಬಿಡು."

ಹೌದಲ್ಲ. ಬೈಸಿಕೊಂಡವರು ನಗಬೇಕು, ಅದೇ ಪದ್ಧತಿ. ಸಿಟ್ಟಾದವನೇ ಸಣ್ಣವನಾಗುತ್ತಾನೆ. ನಗುವ ಹಕ್ಕನ್ನು ನಾನೇ ಕೈಯಾರೆ ಅವನಿಗೆ ಕೊಟ್ಟಿದ್ದೆ. ಆ ಹಾಡು ಹೇಳುವವರಿಗೂ ಒಂದು ಕಡೆ ಅಂತ ಇರಬೇಕು, ಹೆಣ್ಣಿನ ಕಡೆಯೋ ಗಂಡಿನ ಕಡೆಯೋ. ಆ ಛತ್ರದಲ್ಲಿ ನಾನು ಯಾವ ಕಡೆಯವಳೂ ಆಗಿರಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ.

ಲ್ಯಾಪ್‌ಟಾಪ್ ತೆಗೆದು ಅದೇ ಹಾಡಿನಿಂದ ಗಿರಣಿಯ ಸದ್ದು ಅಳಿಸಿದೆ. ಬೇಸ್ ಅಳಿಸಿದೆ. ಅತ್ತೆಯ ಮಟ್ಟನ್ನೂ ಬಿಟ್ಟೆ. ಮದುಮಗ ಅಂತಿದ್ದಲ್ಲೆಲ್ಲ ನೀನು ಅಂತ ಹಾಕಿ, ಬರಿ ದನಿಯಲ್ಲಿ ಹೇಳಿದೆ. ಅದನ್ನೇ ಆಲ್ಬಮ್ಮಿನ ಕೊನೆಗೆ ಇಟ್ಟೆ.

ಆಲ್ಬಮ್ ಬಂದ ವಾರದಲ್ಲೇ ಉಬ್ರಾಣಿಯಿಂದ ಒಬ್ಬ ಡಿಜೆ ಫೋನ್ ಮಾಡಿದ. "ಮೇಡಂ, ಕೊನೇ ಹಾಡಿಗೆ ಬೀಟ್ ಹಾಕೋದೇ ಮರ್ತೀರಿ. ಜನ ಹೆಂಗ್ರೀ ಕುಣಿಯೋದು?"

"ಕುಣಿಯೋದು ಬ್ಯಾಡ," ಅಂದೆ. "ನಿಂತ್ಕಂಡು ಕೇಳ್ರಿ."