ಜರಡಿಯಕ್ಕ ಅಳಿಸದ ಧೂಳು

ಜರಡಿಯಕ್ಕನಿಗೆ ಒಂದು ಕುರ್ಚಿ ಬಾಕಿ ಇದೆ. ಬಾಹ್ಯಾಕಾಶ ಕಚೇರಿಯ ಹನ್ನೊಂದನೇ ಕೋಣೆಯ ಕಿಟಕಿ ಪಕ್ಕದ್ದು, ಒಂದು ಕೈ ಮುರಿದು ದಾರ ಸುತ್ತಿದ್ದು. ಒಂಬತ್ತು ವರ್ಷ ಅವಳು ಕೂತಿದ್ದು ಅದರಲ್ಲೇ.

ಕೊನೆಯ ಗ್ರಹವನ್ನೂ ದಾಟಿ ಹೋಗುತ್ತಿರುವ ನೌಕೆಯ ಮೈಗೆ ಧೂಳಿನ ಕಣ ಬಡಿದಾಗಲೆಲ್ಲ ಆ ಕುರ್ಚಿಯ ಮುಂದಿನ ಪರದೆಯ ಮೇಲೆ ಗೆರೆಯೊಂದು ಚಂಗನೆ ಎದ್ದು ನಿಧಾನ ಇಳಿಯುತ್ತದೆ. ನೌಕೆ ತಾನೇ ಅನಿಲ ಉಗುಳಿ ಮಗ್ಗುಲು ಬದಲಿಸಿದಾಗಲೂ ಏಳುತ್ತದೆ, ಆದರೆ ಜೋಡಿಯಾಗಿ. ಕಾಳು ಯಾವುದು, ಜೊಳ್ಳು ಯಾವುದು ಎಂದು ಬೇರ್ಪಡಿಸುವುದು ಅವಳ ಕೆಲಸವಾಗಿತ್ತು. ಜರಡಿ ಎಂಬ ಹೆಸರು ಅಂಟಿಕೊಂಡಿದ್ದೇ ಹಾಗೆ.

"ಮನೆ ಧೂಳು ಹೊಡೆಯೋಕೆ ಪುರುಸೊತ್ತಿಲ್ಲ, ಆಕಾಶದ ಧೂಳಿಗೆ ಇವಳದೇ ಕಾವಲು" ಎಂದು ಅತ್ತೆ ಹಂಗಿಸುತ್ತಿದ್ದರು.

"ಅದನ್ನ ಗುಡಿಸು ಅಂತ ಯಾರೂ ಹೇಳಲ್ಲ ಅತ್ತೆ, ಅದಕ್ಕೇ ಇಷ್ಟ."

ವಿಭಾಗದ ದೊಡ್ಡ ಸಾಹೇಬರ ಲೆಕ್ಕ ಸರಳ. ದೂರದ ಹಿಮದ ಬಂಡೆಗಳು ಒಂದಕ್ಕೊಂದು ಢಿಕ್ಕಿ ಹೊಡೆದು ಧೂಳಾಗುತ್ತವೆ. ಬಿಸಿಲು ಆ ಕಣಗಳ ವೇಗವನ್ನು ಚೂರುಚೂರೇ ತಿಂದು, ಲಕ್ಷಾಂತರ ವರ್ಷ ಸುತ್ತಿಸಿ ಸುತ್ತಿಸಿ ಸೂರ್ಯನ ಕಡೆಗೆ ಇಳಿಸುತ್ತದೆ. ದಾರಿಯಲ್ಲಿ ದೊಡ್ಡ ಗ್ರಹಗಳು ಕೆಲವನ್ನು ನುಂಗುತ್ತವೆ, ಕೆಲವನ್ನು ಎತ್ತಿ ಆಚೆಗೆಸೆಯುತ್ತವೆ. ಬಂಡೆಗಳ ಸೀಮೆ ದಾಟಿದ ಮೇಲೆ ಧೂಳು ಕಡಿಮೆಯಾಗಲೇಬೇಕು.

ಆಗಲಿಲ್ಲ. ನೌಕೆ ಆ ಸೀಮೆ ದಾಟಿದ ವರ್ಷ ಲೆಕ್ಕಕ್ಕಿಂತ ನಲವತ್ತೊಂದು ಕಣ ಹೆಚ್ಚಿಗೆ ಬಡಿದಿದ್ದವು.

"ನೋಡಮ್ಮ, ಅಷ್ಟು ದೂರದಲ್ಲಿ ಧೂಳೆಲ್ಲಿಂದ ಬರ್ಬೇಕು? ನಲವತ್ತೊಂದನ್ನೂ ಜೊಳ್ಳಿಗೆ ಹಾಕು" ಎಂದರು ಸಾಹೇಬರು.

"ಎಲ್ಲಿಂದ ಬಂತೋ ನೀವು ಹುಡುಕಿ ಸಾರ್. ಬಂದಿದ್ದಂತೂ ನಿಜ."

"ಓದಿದೋರು ಯಾರು, ನಾನಾ ನೀನಾ?"

"ಓದಿದ್ದು ನೀವು. ನೋಡಿದ್ದು ನಾನು."

ಅವಳ ಗುತ್ತಿಗೆ ಮುಗಿಯಲು ಹದಿನೆಂಟು ದಿನ ಉಳಿದಿತ್ತು. ಅಳಿಸಿದರೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳು ಗೆರೆಗಳನ್ನೆಲ್ಲ ಮತ್ತೆ ಒಂದೊಂದಾಗಿ ನೋಡಿದಳು. ಎರಡರ ಮೇಲೆ ಅನುಮಾನ ಬಂತು, ಅವನ್ನು ತಾನೇ ಜೊಳ್ಳಿಗೆ ಹಾಕಿದಳು. ಉಳಿದ ಮೂವತ್ತೊಂಬತ್ತರ ಮುಂದೆ 'ಧೂಳೇ' ಎಂದು ಬರೆದು ಪ್ರತಿಯೊಂದಕ್ಕೂ ಸಹಿ ಜಡಿದಳು.

ಹತ್ತೊಂಬತ್ತನೇ ದಿನ ಗೇಟಿನಲ್ಲಿ ಅವಳ ಕಾರ್ಡು ಕೆಲಸ ಮಾಡಲಿಲ್ಲ.

ನೌಕೆ ಈಗ ಇನ್ನೂ ದೂರ ಹೋಗಿದೆ, ಧೂಳು ಇನ್ನೂ ಬಡಿಯುತ್ತಿದೆ. ಆಚೆಗೂ ಬಂಡೆಗಳಿರಬಹುದು, ಇಲ್ಲವೇ ಸವೆದು ಸಣ್ಣದಾದ ಕಣಗಳನ್ನು ಬಿಸಿಲೇ ಹೊರಕ್ಕೆ ದಬ್ಬುತ್ತಿರಬಹುದು ಎಂದು ಅದೇ ಸಾಹೇಬರು ಭಾಷಣ ಬಿಗಿಯುತ್ತಿದ್ದಾರೆ. ಸುದ್ದಿ ಕೇಳಿ ಜರಡಿಯಕ್ಕ ನಕ್ಕಳು: "ಧೂಳಿಗೆ ಕಾಯಂ ನೌಕರಿ ಸಿಕ್ತು. ನಂಗೆ?"

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವಳು ಆ ಕುರ್ಚಿ ಕೇಳಲು ಹೋಗುತ್ತಾಳೆ, ಜೊತೆಗೆ ಅವಳ ನೆರೆಹೊರೆಯ ನಾವೂ. ಅಯ್ಯೋ ಪಾಪ ಅನ್ನಬೇಡಿ, ಅವಳಿಗದು ಬೇಡ. ದಿನಾ ಆ ಕಚೇರಿಯ ಮೆಟ್ಟಿಲು ಹತ್ತಿ ಕೆಲಸಕ್ಕೆ ಹೋಗುವವರು ನೀವು. ಅವತ್ತು ಹನ್ನೊಂದನೇ ಕೋಣೆಯ ಬಾಗಿಲಲ್ಲಿ ಅವಳ ಜೊತೆ ನಿಲ್ಲುತ್ತೀರೋ, ಗೋಡೆ ಸವರಿಕೊಂಡು ಜಾರಿಕೊಳ್ಳುತ್ತೀರೋ? ಹೇಳಿ.